ಚಕ್ರ ತೋರಿಸಬಾರದ ಚಾಕು

ಮಂಗಳವಾರ, ಬೆಳಿಗ್ಗೆ ಹತ್ತೂವರೆ
ಅಂಗಡಿಯಿಂದ

ನನ್ನ ಗುಬ್ಬೀ,

ಇತ್ತ ಎಲ್ಲರೂ ಕ್ಷೇಮ ಎಂದು ಮೊದಲ ಸಾಲು ಬರೆಯಬೇಕು. ಅಪ್ಪ ಕ್ಷೇಮ, ಅಂಗಡಿ ಕ್ಷೇಮ, ಎದುರಿನ ಟೈಲರಣ್ಣನ ಕೆಮ್ಮೂ ಕ್ಷೇಮ. ನಾನೊಬ್ಬಳು ನಾಲ್ಕು ದಿನದಿಂದ ತುತ್ತು ಗಂಟಲಲ್ಲಿ ಇಳಿಯದೆ ಕೂತಿದ್ದೇನೆ.

ಇದನ್ನು ಓದುವಾಗ ನಿನ್ನ ಸೊಂಟದಲ್ಲಿ ಚಾಕು ಇದ್ದರೆ ಒರೆಯ ಸಮೇತ ಬಿಚ್ಚಿ ಪಕ್ಕಕ್ಕಿಡು. ಆಮೇಲೆ ಮುಂದಕ್ಕೆ ಓದು. ಅದರಿಂದ ಸೌದೆ ಸೀಳಬೇಡ, ಹಗ್ಗ ಕೊಯ್ಯಬೇಡ, ಪೆನ್ಸಿಲ್ ಕೂಡ ಹೆರೆಯಬೇಡ. ರೇಷನ್ ತರುವ ಜೀಪಿನ ಡ್ರೈವರ್ ಕೈಯಲ್ಲಿ ಈ ಪತ್ರದ ಜೊತೆ, ಬಟ್ಟೆಯಲ್ಲಿ ಸುತ್ತಿ ಇನ್ನೊಂದು ಚಾಕು ಕಳಿಸಿದ್ದೇನೆ. ಗುರುವಾರ ನೀನೂ ನಿನ್ನ ಜೊತೆಗಾತಿಯೂ ಸರ್ವೆಗೆಂದು ಕ್ಯಾಂಪ್ ಬಿಟ್ಟು ಮೇಲಿನ ಕಾಡಿಗೆ ಹೊರಡುವಾಗ ಅದೇ ನಿನ್ನ ಜೊತೆ ಇರಬೇಕು. ಅಲ್ಲಿಗೆ ಜೀಪೂ ಹತ್ತುವುದಿಲ್ಲ, ಒಂಬತ್ತು ದಿನ ಯಾರೂ ಬರುವುದಿಲ್ಲ ಎಂದು ನೀನೇ ಹೇಳಿದ್ದೆ.

ಶುಕ್ರವಾರ ನೀನು ಹೊರಡುವ ಮುಂಚೆ ಚಾಕು ತಂದು ನನ್ನ ಮುಂದಿಟ್ಟೆಯಲ್ಲ, ಮೊನೆಯ ಹತ್ತಿರ ಅಂಚು ಒಂದು ಕಾಳಿನಷ್ಟು ಮುರಿದಿರುವುದು ಹೆಬ್ಬೆರಳಿಗೇ ಸಿಕ್ಕಿತು. ಅದರಲ್ಲಿ ಡಬ್ಬಿ ತೆರೆದೆ ಎಂದು ನೀನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಮೂವತ್ತು ವರ್ಷ ಸಾಣೆ ಹಿಡಿದವಳ ಹತ್ತಿರ ಅಲಗು ತಾನಾಗಿಯೇ ಚಾಡಿ ಹೇಳುತ್ತದೆ.

ಆ ಚಾಕುವಿನ ರೀತಿ ನಿನಗೆ ಗೊತ್ತು. ಹಿಮ ಬೀಳುವ ಸ್ಕ್ಯಾಂಡಿನೇವಿಯಾ ಕಡೆಯ ಮಾದರಿ. ಮಡಚುವುದಲ್ಲ, ಎರಡೂ ಬದಿಗೆ ಅಲಗಿನ ನಡುವಿನಿಂದ ಅಂಚಿನವರೆಗೆ ಒಂದೇ ಅಗಲವಾದ ಇಳಿಜಾರು. ಆ ಇಳಿಜಾರನ್ನು ಪೂರ್ತಿ ಕಲ್ಲಿನ ಮೇಲೆ ಮಲಗಿಸಿಯೇ ಮಸೆಯಬೇಕು. ಅವಸರಕ್ಕೆ ಅಂಚನ್ನಷ್ಟೇ ತಿಕ್ಕಿದರೆ ಅದು ಮರ ಕಚ್ಚುವುದನ್ನೇ ಮರೆತುಬಿಡುತ್ತದೆ. ಅಷ್ಟಗಲ ಉಕ್ಕನ್ನು ಕಲ್ಲಿಗೆ ನೀರು ಹಾಕುತ್ತಾ ಸವೆಸಿ ಆ ಮುರುಕು ತೆಗೆಯಲು ಮೂರು ಗಂಟೆ ಬೇಕು. ನಿನ್ನ ಬಸ್ಸಿಗೆ ಒಂದು ಗಂಟೆ ಇತ್ತು.

ಮೋಟರಿನ ಸಾಣೆ ಚಕ್ರವನ್ನು ಈ ಚಾಕುವಿಗೆ ತೋರಿಸಲೂಬೇಡ ಎಂದು ನಿನಗೆ ಹತ್ತು ವರ್ಷವಿದ್ದಾಗಿನಿಂದ ಹೇಳಿಕೊಂಡು ಬಂದವಳು ನಾನು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ. ನೀನು ಒಳಗೆ ತಲೆ ಬಾಚಿಕೊಳ್ಳುವಾಗ ಚಕ್ರ ಹಾಕಿದೆ. ಎರಡೆಣಿಸುವಷ್ಟರಲ್ಲಿ ಎತ್ತಿ ನೀರಿಗದ್ದಬೇಕು, ಒಂದು ಸಲ ತಡವಾಯಿತು. ಮೊನೆಯಿಂದ ಒಂದು ಅಂಗುಲ ನೀಲಿ ತಿರುಗಿತು. ನೋಡಿದ ಕೂಡಲೇ ಚಕ್ರ ನಿಲ್ಲಿಸಿದೆ. ಉಕ್ಕು ನೀಲಿಯಾಯಿತೆಂದರೆ ಹದ ಹೋಯಿತು ಎಂದೇ ಅರ್ಥ. ಆ ಭಾಗ ಮೆತ್ತಗಾಗಿ, ಗಂಟಿರುವ ಮರ ತಾಗಿದರೆ ಅಂಚು ಮಡಚಿಕೊಳ್ಳುತ್ತದೆ.

ಆಗಲೇ ಕರೆದು ಹೇಳಬೇಕಿತ್ತು. ಹೇಳಲಿಲ್ಲ. ನುಣುಪು ಎಮರಿ ಕಾಗದ ತೆಗೆದುಕೊಂಡು ನೀಲಿ ಹೋಗುವ ತನಕ ಉಜ್ಜಿದೆ, ತೊಗಲಿನ ಪಟ್ಟಿಯ ಮೇಲೆ ಎಳೆದೆ, ಎಣ್ಣೆ ಸವರಿ ಒರೆಗೆ ಹಾಕಿದೆ. ನೀನು ಬಂದು ಕಾಗದ ಕೊಯ್ದು ನೋಡಿ, ಅಮ್ಮಾ, ನಿನ್ನ ಕೈಗೆ ಬಂಗಾರದ ಬಳೆನೇ ಹಾಕಿಸ್ಬೇಕು ಕಣೇ, ಅಂದೆ. ಮೆತ್ತಗಿನ ಉಕ್ಕೂ ಒಂದು ದಿನದ ಮಟ್ಟಿಗೆ ಕಾಗದ ಕೊಯ್ಯುತ್ತದೆ ಗುಬ್ಬೀ. ಆ ಮಾತು ಕೇಳಿ ನಾನು ನಕ್ಕೆನಲ್ಲ, ಆ ನಗುವಿಗೆ ನನಗೇ ನಾಚಿಕೆ.

ಮೊಂಡು ಚಾಕು ಮರ ಬಿಟ್ಟು ಕೈ ಕೊಯ್ಯುತ್ತದೆ. ಅಪ್ಪನ ಎಡಗೈಯ ಎರಡು ಬೆರಳು ಯಾಕೆ ಮಡಚುವುದಿಲ್ಲ ಎಂದು ನಿನಗೆ ಗೊತ್ತೇ ಇದೆ. ಅಂಚು ಮಡಚಿಕೊಂಡಾಗ ನೀನು ಬಿಡುವವಳಲ್ಲ, ಇನ್ನಷ್ಟು ಬಲ ಹಾಕುತ್ತೀಯ. ಆಗ ಅದು ಜಾರುತ್ತದೆ. ತೊಡೆಯ ಒಳಭಾಗಕ್ಕೆ ಜಾರಿದರೆ ಆ ಕಾಡಿನಲ್ಲಿ ರಕ್ತ ನಿಲ್ಲಿಸುವವರು ಯಾರು? ನಿನ್ನ ಜೊತೆಗಾತಿ ಮುಳ್ಳು ಚುಚ್ಚಿದರೆ ಕಣ್ಣು ಮುಚ್ಚಿಕೊಳ್ಳುವವಳು ಎಂದು ನೀನೇ ಆಡಿಕೊಂಡು ನಕ್ಕಿದ್ದೆ.

ಏನಾದರೂ ಆದರೆ ಮಾತ್ರ ಕ್ಯಾಂಪಿನವರು ಗುಡ್ಡ ಹತ್ತಿ ಫೋನ್ ಮಾಡುತ್ತಾರೆ ಎಂದಿದ್ದೆಯಲ್ಲ, ಅದೊಂದು ಮಾತು ಹೇಳಬಾರದಿತ್ತು ನೀನು. ಅಂಗಡಿಯ ಫೋನ್ ಬಡಿದುಕೊಂಡರೆ ಕೈಯಲ್ಲಿದ್ದ ಕತ್ತರಿ ಜಾರಿ ಬೀಳುತ್ತದೆ. ನಿನ್ನೆ ಮಧ್ಯಾಹ್ನ ಎತ್ತಿದರೆ ಮಾಂಸದಂಗಡಿಯವರು, ಎಂಟು ಕತ್ತಿ ಇದೆ, ಯಾವಾಗ ತರಲಿ ಎಂದು ಕೇಳಿದರು. ನಾನು, ಬದುಕಿದ್ದಾಳಾ, ಎಂದೆ. ಪಾಪ, ಅವರು ಫೋನ್ ಇಟ್ಟೇಬಿಟ್ಟರು. ಅಪ್ಪ ಪಕ್ಕದಲ್ಲೇ ಇದ್ದವರು, ಅವಳೇನು ಮೊದಲನೇ ಸಲ ಹೋಗ್ತಿದ್ದಾಳಾ, ಯಾಕಿಷ್ಟು ಹೆದರ್ತೀಯಾ, ಎಂದು ಬೈದರು. ಅವರಿಗೆ ಏನೂ ಹೇಳಿಲ್ಲ. ನೀನೂ ಹೇಳಬೇಡ.

ಈಗ ಕಳಿಸಿರುವುದು ನನ್ನದೇ ಚಾಕು, ಹಿಡಿಯ ಮೇಲೆ ಸುಟ್ಟ ಕಲೆ ಇರುವುದು. ಅದಕ್ಕೆ ಚಕ್ರ ತಾಗಿಯೇ ಇಲ್ಲ. ಭಾನುವಾರ, ಸೋಮವಾರ ಎರಡು ದಿನ ಕೂತು ಕಲ್ಲಿನ ಮೇಲೇ ಮಸೆದೆ. ಒಂದು ಬದಿ ಮಸೆದಾಗ ಇನ್ನೊಂದು ಬದಿಯ ಅಂಚಿನಲ್ಲಿ ಕೂದಲೆಳೆಯಂಥ ತರಿ ಏಳುತ್ತದಲ್ಲ, ಅದನ್ನು ಉಗುರಿನಲ್ಲಿ ಮುಟ್ಟಿ ಮುಟ್ಟಿ ನೋಡಿ ತೆಗೆದಿದ್ದೇನೆ. ದಿನಾ ಕೆಲಸ ಮುಗಿದ ಮೇಲೆ ಒರೆಸಿ, ಪೂರ್ತಿ ಒಣಗಿಸಿ, ಒಂದು ತೊಟ್ಟು ಎಣ್ಣೆ ಸವರು. ಒದ್ದೆ ತೊಗಲಿನ ಒರೆಯಲ್ಲಿ ಬಿಟ್ಟರೆ ಬೆಳಗಾಗುವಷ್ಟರಲ್ಲಿ ತುಕ್ಕು. ಹಳೆಯದನ್ನು ಡ್ರೈವರ್ ಕೈಗೇ ಕೊಡು. ಅವನ ಹತ್ತಿರ ಒಂದು ಸಾಲು ಬರೆದೂ ಕೊಡು: ಬದಲಾಯಿಸಿಕೊಂಡೆ ಅಂತ. ಅಷ್ಟು ಸಾಕು, ನಾನು ಊಟ ಮಾಡುತ್ತೇನೆ.

ಮೇಲೆ ಚಳಿ ಹೆಚ್ಚು. ಆ ಬೂದು ಸ್ವೆಟರ್ ಮೈಮೇಲಿಂದ ತೆಗೆಯಬೇಡ. ಹೊರಡುವಾಗ ಬಾಗಿಲಲ್ಲಿ ನಿಂತು ಅದು ನೀಲಿ ಎಂದು ನನ್ನ ಜೊತೆ ಎಷ್ಟು ವಾದ ಮಾಡಿದೆ! ಬಸ್ಸು ತಪ್ಪಿದರೂ ಸರಿ, ಸೋಲಬಾರದು. ಆ ಹಠ ಅಪ್ಪನ ಕಡೆಯದು, ನನ್ನದಲ್ಲ.

ಅವಸರದಲ್ಲಿ ಹೀಗಾಯಿತು. ಅಷ್ಟೇ ಕಾರಣ. ಕೈಮುಗಿದು ಕೇಳುತ್ತೇನೆ, ಆ ಚಾಕು ಮುಟ್ಟಬೇಡ.

ನಿನ್ನ ದಾರಿ ನೋಡುತ್ತಿರುವ
ಅಮ್ಮ

ತಾ.ಕ.: ಜೀಪು ಬಂದು ನಿಂತಿದೆ. ಅಂಟಿಸಿದ ಲಕೋಟೆಯನ್ನು ಹರಿದು ಮತ್ತೆ ಬರೆಯುತ್ತಿದ್ದೇನೆ. ಮೊನೆ ನೀಲಿಯಾದದ್ದನ್ನು ನೋಡಿದೆ ಎಂದು ಬರೆದೆನಲ್ಲ, ನಾನು ನೋಡಲಿಲ್ಲ. ನನ್ನ ಕಣ್ಣಿಗೆ ಅಲಗು ಬೂದಾಗಿಯೇ ಇತ್ತು. ಕತ್ತರಿ ತೆಗೆದುಕೊಂಡು ಹೋಗಲು ಬಂದ ಟೈಲರಣ್ಣ, ಅಕ್ಕಾ, ಇದ್ಯಾಕೆ ತುದಿ ನೀಲಿ ಆಗಿದೆ, ಎಂದಾಗಲೇ ತಿಳಿದದ್ದು. ಎಮರಿ ಕಾಗದದಲ್ಲಿ ಉಜ್ಜುವಾಗ ಪಕ್ಕದಲ್ಲಿ ನಿಂತು, ಈಗ ಹೋಯ್ತು, ಎಂದವನೂ ಅವನೇ. ಕಣ್ಣು ಮಂಜಾಗಿ ವರ್ಷವಾಯಿತು, ಎಲ್ಲ ಮಸುಕು. ಹೇಳಿದ್ದರೆ ನೀನು ಕೆಲಸ ಬಿಟ್ಟು ನನ್ನ ಪಕ್ಕ ಕೂತುಬಿಡುತ್ತಿದ್ದೆ. ಈ ಚಾಕುವನ್ನು ಬೆರಳಿನ ನಂಬಿಕೆಯ ಮೇಲೆ ಮಸೆದಿದ್ದೇನೆ. ಬಿಸಿಲಿಗೆ ಹಿಡಿದು ನೀನೊಮ್ಮೆ ನೋಡಿಯೇ ಸೊಂಟಕ್ಕೆ ಕಟ್ಟಿಕೋ. ಬಂದ ಮೇಲೆ ನನ್ನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು, ಒಬ್ಬಳೇ ಹೋಗಲು ಭಯವಾಗುತ್ತದೆ. ನಿನ್ನ ಸ್ವೆಟರಿನ ತೋಳಿಗೆ ತೇಪೆ ಹಾಕಿದವನು ಟೈಲರಣ್ಣನೇ ಅಲ್ಲವೇ, ಈಗಷ್ಟೇ ಅವನನ್ನು ಕೇಳಿಕೊಂಡು ಬಂದೆ. ಅದು ನೀಲಿಯಂತೆ, ಗುಬ್ಬೀ.