ಕಾಯಿ ಒಡೆದವರು

ಬೈಲಹೊಂಗಲ
೧೮ ಜುಲೈ ೨೦೨೫, ಶುಕ್ರವಾರ

ರಾಣಿಯ ಅಪ್ಪಾಜಿಯವರಿಗೆ ಯಶೋಧಾಳ ನಮಸ್ಕಾರಗಳು.

ಜೈಲಿನ ಊಟಕ್ಕೆ ಹೊಟ್ಟೆ ಒಗ್ಗಿತೇ? ರೊಟ್ಟಿಯಿಲ್ಲದೆ ನಿಮಗೆ ಉಂಡಂತೆಯೇ ಆಗುವುದಿಲ್ಲ, ಅದನ್ನು ಅಲ್ಲಿ ಯಾರಿಗೆ ಹೇಳುವುದು? ಸಕ್ಕರೆ ಕಾಯಿಲೆಯ ಗುಳಿಗೆ ಮಾತ್ರ ತಪ್ಪಿಸಬೇಡಿ. ರಾಣಿ ಶಾಲೆಗೆ ಹೋಗುತ್ತಿದ್ದಾಳೆ. ನೀವು ಹಚ್ಚಿದ ನುಗ್ಗೆ ಗಿಡ ಕಾಯಿ ಬಿಟ್ಟಿದೆ, ಕೊಯ್ಯಲು ಮನಸ್ಸಾಗಲಿಲ್ಲ.

ಮಿಲ್ಲಿನ ಸುದ್ದಿ ಬೇಡವೆಂದುಕೊಂಡಿದ್ದೆ, ಆದರೂ ಬರೆಯುತ್ತೇನೆ. ಹತ್ತಿ ಬಿಡಿಸುವ ಮಷೀನನ್ನು ಮೊನ್ನೆ ಕೋರ್ಟಿನವರು ಲಾರಿಗೆ ಏರಿಸಿಕೊಂಡು ಹೋದರು. ಮಷೀನು ನಡೆಸುತ್ತಿದ್ದ ಬಾಳೇಶ ಆ ಖಾಲಿ ಜಾಗದಲ್ಲಿ ಕುಳಿತು ಅತ್ತ. ಪೂಜೆಯ ವಿಡಿಯೋ ಫೇಸ್‌ಬುಕ್ಕಿಗೆ ಹಾಕಿದ್ದು ತಾನೇ ಎಂದು ಅವನ ಕೊರಗು. ಅಭಿಮಾನದಿಂದ ಹಾಕಿದವನನ್ನು ಏನೆಂದು ಬೈಯಲಿ? ಬೈಸಿಕೊಳ್ಳಬೇಕಾದವರು ನೀವು. ಒದ್ದೆ ಹತ್ತಿ ಕೊಟ್ಟಿರೆಂದು ಹುಬ್ಬಳ್ಳಿಯ ವ್ಯಾಪಾರಿ ದಾವೆ ಹೂಡಿದ್ದ, ಸುಳ್ಳು ಹೇಳದೆ ಸೋತಿದ್ದರೆ ಮಷೀನಷ್ಟೇ ಹೋಗುತ್ತಿತ್ತು. ನಿಮ್ಮ ಆಸ್ತಿ ಏನೇನು ಎಂದು ಕೋರ್ಟು ಕೇಳಿದಾಗ, ಮಷೀನು ನನ್ನದಲ್ಲ, ಮನೋಳಿಯ ಮಾವನದು ಎಂದು ಪ್ರಮಾಣ ಮಾಡಿ ಬರೆದುಕೊಟ್ಟಿರಿ. ಹೌದೆಂದು ನನ್ನ ಅಪ್ಪನಿಂದಲೂ ಸಹಿ ಹಾಕಿಸಿದಿರಿ. ಅಳಿಯ ಕೇಳಿದ್ದಕ್ಕೆ ಇಲ್ಲ ಅನ್ನಲು ಅವನಿಗೆ ಬಂದೀತೇ? ಮಗಳನ್ನು ಕೊಟ್ಟ ದಿನವೇ ಆ ಶಬ್ದ ಮರೆತ ಮನುಷ್ಯ.

ಹೋದ ಖಂಡೇನವಮಿ ನೆನಪಿದೆಯಲ್ಲ. ಸುಳ್ಳು ಊರಿಗೂ ಖರೆ ಕಾಣಲಿ ಎಂದು ಅಪ್ಪನನ್ನು ಕರೆಸಿ, ಮಷೀನಿನ ಪೂಜೆಗೆ ಅವನ ಕೈಯಲ್ಲಿ ತೆಂಗಿನಕಾಯಿ ಇಟ್ಟಿರಿ. ಒಡೆಯನಾದವನೇ ಕಾಯಿ ಒಡೆಯಬೇಕಲ್ಲ. ಸಹಿ ಹಾಕಿದ ಕೈ ಅಲ್ಲಿ ಹಿಂದೆ ಸರಿಯಿತು. ಕಾಗದವೆಂದರೆ ಅವನಿಗೆ ಬರೀ ಕಾಗದ, ದೇವರೆಂದರೆ ದೇವರು. "ಛೇ ಛೇ, ಒಡೆಯಾರು ನೀವ ಇದ್ದೀರಿ ಅಳಿಯಾರ. ಮಗಳ ಮನಿ ಮಷೀನಿಗೆ ನಾ ಕಾಯಿ ಒಡದ್ರ ಏನ ಛಂದರಿ? ನೀವ ಒಡೀರಿ" ಎಂದು ಕೈಮುಗಿದ. ನೀವು ನಕ್ಕು ಒಡೆದಿರಿ. ಬಾಳೇಶನ ಫೋನು ಅಷ್ಟನ್ನೂ ಹಿಡಿದಿಟ್ಟಿತು. ವ್ಯಾಪಾರಿಯ ವಕೀಲರು ಅದನ್ನೇ ಕೋರ್ಟಿನಲ್ಲಿ ಹಾಕಿದಾಗ ಅಪ್ಪನ ದನಿ ಕೇಳಲಾಗದೆ ನಾನು ಎದ್ದು ಹೊರಗೆ ಬಂದೆ. ಮಾನ ಕೊಟ್ಟು ಆಡಿದ ಮಾತೇ ನಿಮ್ಮನ್ನು ಒಳಗೆ ಹಾಕಿತು.

ಮೈ ಕಡೆ ಲಕ್ಷ್ಯವಿರಲಿ. ನಿಮ್ಮ ಅವ್ವ ಎರಡೂ ಹೊತ್ತು ದೀಪ ಹಚ್ಚಿ ನಿಮ್ಮ ಹೆಸರು ಹೇಳುತ್ತಾರೆ. ರಾಣಿ ನಿಮ್ಮ ಕಾಲಿಗೆ ಬಿದ್ದಿದ್ದಾಳೆಂದು ಬರೆಯಲು ಹೇಳಿದಳು.

ನಿಮ್ಮ
ಯಶೋಧಾ

ತಾ.ಕ.: ಬರೆಯಲು ಕುಳಿತದ್ದು ಇದಕ್ಕೇ. ಸುಳ್ಳಿಗೆ ಸಹಿ ಹಾಕಿದ್ದಕ್ಕಾಗಿ ಅಪ್ಪನಿಗೂ ನೋಟಿಸು ಬಂದಿದೆ, ಸೋಮವಾರ ಹಾಜರಾಗಬೇಕು. ಖರೆ ಹೇಳಿ ಕ್ಷಮೆ ಕೇಳಿದರೆ ಬಿಟ್ಟಾರು ಎನ್ನುತ್ತಾರೆ ನಮ್ಮ ವಕೀಲರು. ಅಪ್ಪ ಒಪ್ಪುತ್ತಿಲ್ಲ. "ಅಳಿಯಾರ ಮಾತ ನನ್ನಿಂದ ಸುಳ್ಳಾತು. ಈ ಸಲ ಮಷೀನ ನಂದ ಅಂತ ಹೇಳತೇನಿ" ಎಂದು ಧೋತರ ಒಗೆದಿಟ್ಟುಕೊಂಡಿದ್ದಾನೆ. ಎಪ್ಪತ್ತು ದಾಟಿದ ಮುದುಕ, ಜೈಲಿಗೆ ಹೋದರೆ ತಿರುಗಿ ಬರುವುದಿಲ್ಲ. ನನ್ನ ಮಾತು ಕೇಳುವುದಿಲ್ಲ, ನಿಮ್ಮದು ಕೇಳುತ್ತಾನೆ. ಈ ಪತ್ರ ತರುವ ವಕೀಲರ ಕೈಯಲ್ಲೇ, ಸಹಿ ಹಾಕಿಸಿದವನು ನಾನು, ನೀವು ಖರೆ ಹೇಳಿ ಎಂದು ಅವನಿಗೆ ಬರೆದುಕೊಡಿ. ಅದರಿಂದ ನಿಮ್ಮ ಶಿಕ್ಷೆ ಹೆಚ್ಚಬಹುದು, ಗೊತ್ತಿದೆ. ಕೊಡದಿದ್ದರೆ ಸೋಮವಾರ ಅಪ್ಪನಿಗಿಂತ ಮೊದಲು ನಾನೇ ಕಟಕಟೆ ಹತ್ತುತ್ತೇನೆ. ಕಾಯಿ ಒಡೆದವರು ಯಾರೆಂದು ಕೇಳುತ್ತಾರೆ. ಮದುವೆಯಾದಾಗಿನಿಂದ ನಿಮ್ಮ ಹೆಸರು ನನ್ನ ಬಾಯಲ್ಲಿ ಬಂದಿಲ್ಲ. ಅವತ್ತು ಬರುತ್ತದೆ.