ನನ್ನ ಮಗಳನ್ನು ಎತ್ತಿಕೊಂಡ ನಿರ್ದೇಶಕರಿಗೆ

ಮಾನ್ಯ ನಿರ್ದೇಶಕರೇ,

ನೀವು ನನ್ನ ಮಗಳನ್ನು ಎತ್ತಿಕೊಂಡಿರಿ. ನನ್ನ ದೂರು ಇಷ್ಟೇ. ಕಲ್ಯಾಣ ಇಲಾಖೆಯ ವಾರ್ಷಿಕ ಸಮಾರಂಭದಲ್ಲಿ, ತುಂಬಿದ ಸಭೆಯ ಎದುರು, ಹನ್ನೊಂದು ವರ್ಷದ ಹುಡುಗಿಯ ಕಂಕುಳಿಗೆ ಕೈ ಹಾಕಿ ಮೇಲೆತ್ತಿ, ಸೊಂಟದ ಮೇಲೆ ಕೂರಿಸಿಕೊಂಡು ನಕ್ಕಿರಿ. ಜನ ಚಪ್ಪಾಳೆ ತಟ್ಟಿದರು. ನಿಮ್ಮ ಇಲಾಖೆಯ ಛಾಯಾಗ್ರಾಹಕ ಚಿತ್ರ ತೆಗೆದ. ಆ ಚಿತ್ರ ಈಗ ಊರಿನ ಬಸ್ ನಿಲ್ದಾಣಗಳಲ್ಲೆಲ್ಲ ಪೋಸ್ಟರ್ ಆಗಿ ನಿಂತಿದೆ. ನನ್ನ ಮಗಳ ಕತ್ತಿಗೆ ಗಟ್ಟಿ ಪಟ್ಟಿ ಬಂದಿದೆ, ಬಲಗೈಯ ಬೆರಳುಗಳು ಜೋಮು ಹಿಡಿದಿವೆ. ನೀವು ಎತ್ತಿದ್ದಕ್ಕೂ ಇದಕ್ಕೂ ಸಂಬಂಧವಿದೆ ಎಂದು ನಿಮ್ಮ ಕಚೇರಿ ಒಪ್ಪುವುದಿಲ್ಲ, ನಿಮ್ಮ ಕೋಣೆಯ ಬಾಗಿಲು ನನ್ನಂಥವರಿಗೆ ತೆರೆಯುವುದಿಲ್ಲ. ಆದ್ದರಿಂದ ಪತ್ರಿಕೆಯ ಮೂಲಕವೇ ನಿಮ್ಮ ಕದ ತಟ್ಟುತ್ತಿದ್ದೇನೆ.

ಮಗುವನ್ನು ಪ್ರೀತಿಯಿಂದ ಎತ್ತಿಕೊಂಡರೆ ಅದೂ ಅಪರಾಧವೇ ಎಂದು ಓದುವವರು ಹುಬ್ಬೇರಿಸಬಹುದು. ಅವರಿಗಾಗಿ ಸ್ವಲ್ಪ ಹಿನ್ನೆಲೆ ಹೇಳುತ್ತೇನೆ. ನನ್ನ ಮಗಳಿಗೆ ಇರುವುದು ಕುಬ್ಜತೆಯ ಒಂದು ಅಪರೂಪದ ಬಗೆ. ಅದರ ಹೆಸರನ್ನು ಇಲ್ಲಿ ಬರೆದು ನಿಮ್ಮನ್ನು ಗಾಬರಿಗೊಳಿಸುವುದಿಲ್ಲ. ಆ ಹೆಸರು ತನಗಿಂತ ಉದ್ದ ಎಂದು ಅವಳೇ ಗೇಲಿ ಮಾಡುತ್ತಾಳೆ. ಅವಳು ಹುಟ್ಟಿ ಬಹುಕಾಲ ಯಾರಿಗೂ ಅದು ಏನೆಂದು ತಿಳಿಯಲಿಲ್ಲ. ಕೆಲವು ಮಕ್ಕಳು ತಡವಾಗಿ ಬೆಳೆಯುತ್ತವೆ ಎಂದು ನನ್ನ ಚಿಕ್ಕಪ್ಪ ಸಮಾಧಾನ ಹೇಳಿದರು. ಕಂಬಿಗೆ ನೇತುಹಾಕಿ, ತಾನೇ ಉದ್ದವಾಗುತ್ತಾಳೆ ಎಂದು ಸೋದರತ್ತೆ ಸಲಹೆ ಕೊಟ್ಟರು. ಪುಣ್ಯಕ್ಕೆ ನನ್ನ ಹೆಂಡತಿ ಇಬ್ಬರ ಮಾತನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೆ ಒಬ್ಬ ಮೂಳೆ ತಜ್ಞೆ ಎಕ್ಸ್‌ರೇಗಳನ್ನು ಬೆಳಕಿಗೆ ಹಿಡಿದು ನಮಗೆ ಬಿಡಿಸಿ ಹೇಳಿದರು. ಗಿಡ್ಡವಾಗಿರುವುದು ಈ ಸ್ಥಿತಿಯಲ್ಲಿ ಕಣ್ಣಿಗೆ ಕಾಣುವ ಭಾಗ ಮಾತ್ರ. ಕಾಣದ ಭಾಗ ಕತ್ತಿನಲ್ಲಿದೆ. ತಲೆಯನ್ನು ಹೊತ್ತಿರುವ ಮೇಲಿನ ಎರಡು ಮೂಳೆಗಳ ಕೀಲು ಅವಳಿಗೆ ಸಡಿಲ. ಅವಳು ನಡೆಯಬಹುದು, ಓದಬಹುದು, ಜಗಳವಾಡಬಹುದು. ಆದರೆ ತಲೆಗೆ ಆಸರೆ ಕೊಡದೆ ಅವಳನ್ನು ಸರಕ್ಕನೆ ಮೇಲೆತ್ತಬಾರದು. ಎತ್ತಿದರೆ ಒಳಗಿನ ನರದ ಹುರಿ ಅದುಮಿಕೊಳ್ಳಬಹುದು.

ಆ ದಿನದಿಂದ ನಮ್ಮ ಮನೆಯಲ್ಲಿ ಅವಳನ್ನು ಎತ್ತಬೇಕಾದ ಸಂದರ್ಭವೇ ಬರದಂತೆ ನೋಡಿಕೊಂಡಿದ್ದೇವೆ. ದೀಪದ ಸ್ವಿಚ್ಚುಗಳನ್ನೆಲ್ಲ ಕೆಳಗಿಳಿಸಿದೆ. ಬಚ್ಚಲಲ್ಲೊಂದು, ಒಲೆಯ ಬಳಿ ಒಂದು, ಕಿಟಕಿಯ ಬಳಿ ಒಂದು ಎಂದು ಮನೆ ತುಂಬ ಗಿಡ್ಡ ಸ್ಟೂಲುಗಳಿವೆ. ಬಂದ ನೆಂಟರೆಲ್ಲ ಒಮ್ಮೆಯಾದರೂ ಎಡವುತ್ತಾರೆ. ನೋಡಿ ನಡೀಬೇಕಪ್ಪ ಎಂದು ನನ್ನ ಮಗಳು ಅವರಿಗೆ ಬುದ್ಧಿ ಹೇಳುತ್ತಾಳೆ. ಎಲ್ಲರ ಕೆಲಸದಲ್ಲೂ ತಪ್ಪು ಹುಡುಕಿ ಅಪ್ಪಣೆ ಕೊಡುವುದರಿಂದ ಅವಳಿಗೆ ಮನೆಯಲ್ಲಿ ಮೇಸ್ತ್ರಿ ಎಂದೇ ಹೆಸರು. ಅವಳ ತಂಗಿಗೆ ಆರು ವರ್ಷ, ಆಗಲೇ ಅಕ್ಕನಿಗಿಂತ ಎತ್ತರ. ದಾರಿಯಲ್ಲಿ ಸಿಕ್ಕವರು ಚಿಕ್ಕವಳಿಗೆ ‘ತಂಗಿ ಕೈ ಗಟ್ಟಿಯಾಗಿ ಹಿಡ್ಕೋ’ ಎನ್ನುತ್ತಾರೆ. ಚಿಕ್ಕವಳು ಕೈ ಹಿಡಿದುಕೊಂಡೇ, ಇವಳು ನಮ್ಮಕ್ಕ, ನನಗೆ ಲೆಕ್ಕ ಹೇಳಿಕೊಡುತ್ತಾಳೆ ಎಂದು ತಿದ್ದುತ್ತಾಳೆ. ಕೇಳಿದವರು ನಗುತ್ತಾರೆ, ನಂಬುವುದಿಲ್ಲ.

ನಮ್ಮ ಮನೆಯಲ್ಲಿ ಇನ್ನೊಂದು ನಿಯಮವಿದೆ. ಅದು ನನ್ನ ಕೆಲಸದಿಂದ ಬಂದದ್ದು, ಈ ದೂರಿನ ಬೇರೂ ಅಲ್ಲೇ ಇದೆ. ನಾನು ಲಿಫ್ಟ್ ಮೆಕ್ಯಾನಿಕ್. ಎತ್ತುವುದು, ಇಳಿಸುವುದೇ ನನ್ನ ಹೊಟ್ಟೆಪಾಡು. ಲಿಫ್ಟ್ ರಿಪೇರಿ ಮಾಡುವಾಗ ಒಬ್ಬ ಪೆಟ್ಟಿಗೆಯ ನೆತ್ತಿಯ ಮೇಲೆ ಕತ್ತಲಲ್ಲಿ ಕೂತಿರುತ್ತಾನೆ, ಇನ್ನೊಬ್ಬ ಬೇರೆ ಕಡೆ ಲಿಫ್ಟ್ ಓಡಿಸುವ ಗುಂಡಿಯ ಹತ್ತಿರ ನಿಂತಿರುತ್ತಾನೆ. ಗುಂಡಿಯವನು ‘ಮೇಲಕ್ಕೆ?’ ಎಂದು ಕೂಗಬೇಕು. ನೆತ್ತಿಯ ಮೇಲಿನವನು ‘ಮೇಲಕ್ಕೆ’ ಎಂದು ಮರಳಿ ಕೂಗಬೇಕು. ಕೂಗಿದರೆ ಮಾತ್ರ ಪೆಟ್ಟಿಗೆ ಅಲುಗುತ್ತದೆ. ಉತ್ತರ ಬಾರದಿದ್ದರೆ ಇಲ್ಲ. ಅವನ ಕೈ ಹಗ್ಗಕ್ಕೂ ಗಾಲಿಗೂ ನಡುವೆ ಇರಬಹುದು, ಅವನು ಉಸಿರು ಬಿಗಿಹಿಡಿದು ಏನನ್ನೋ ಬಿಚ್ಚುತ್ತಿರಬಹುದು. ನಮ್ಮಲ್ಲಿ ಮೌನ ಎಂದರೆ ಬೇಡ ಎಂದೇ ಅರ್ಥ. ನನಗೆ ಕೆಲಸ ಕಲಿಸಿದವರು ಸ್ಪ್ಯಾನರ್ ಹಿಡಿಯುವುದಕ್ಕಿಂತ ಮೊದಲು ಇದನ್ನು ಕಲಿಸಿದರು.

ಈ ಪದ್ಧತಿಯನ್ನೇ ನಾನು ಮನೆಗೆ ತಂದೆ. ಬಸ್ಸಿನ ಎತ್ತರದ ಮೆಟ್ಟಿಲಿಗೋ ಆಸ್ಪತ್ರೆಯ ಮಂಚಕ್ಕೋ ಅವಳನ್ನು ಎತ್ತಲೇಬೇಕಾದಾಗ ‘ಎತ್ತಲಾ?’ ಎಂದು ಕೇಳುತ್ತೇವೆ. ಅವಳು ‘ಎತ್ತು’ ಎಂದರೆ ಒಂದು ಕೈ ಕುಂಡಿಯ ಕೆಳಗೆ, ಇನ್ನೊಂದು ಕೈ ತಲೆಯ ಹಿಂದೆ. ಅವಳು ಸುಮ್ಮನಿದ್ದರೆ ನಮ್ಮ ಕೈ ಅಲ್ಲೇ ನಿಲ್ಲುತ್ತದೆ. ತೀರ ಚಿಕ್ಕವಳಿರುವಾಗಲೇ ಅವಳು ಇದನ್ನು ಕಲಿತಳು. ಕೋಪ ಬಂದಾಗ ಬೇಕೆಂದೇ ಬಾಯಿ ಹೊಲಿದುಕೊಂಡು ಕೂರುತ್ತಿದ್ದಳು. ಆಸ್ಪತ್ರೆಗೆ ತಡವಾದರೂ ನಾವು ಕಾಯುತ್ತಿದ್ದೆವು. ತನ್ನ ಮೈ ತನ್ನದು ಎಂಬ ನಂಬಿಕೆ ಅವಳಿಗೆ ಬಂದದ್ದು ಹಾಗೆ.

ಈಗ ಸಮಾರಂಭಕ್ಕೆ ಬರೋಣ. ನನ್ನ ಮಗಳನ್ನು ನೀವು ಕರೆದದ್ದು ಕರುಣೆಗಾಗಿ ಅಲ್ಲ, ಬಹುಮಾನಕ್ಕಾಗಿ, ನಿಮಗೆ ನೆನಪಿರಲಿಕ್ಕಿಲ್ಲ. ನಿಮ್ಮದೇ ಇಲಾಖೆ ನಡೆಸಿದ ಪ್ರಬಂಧ ಸ್ಪರ್ಧೆಯಲ್ಲಿ ಅವಳಿಗೆ ಮೊದಲ ಸ್ಥಾನ ಬಂದಿತ್ತು. ಬಾಗಿಲ ಚಿಲಕ, ಅಂಗಡಿಯ ಕಟ್ಟೆ, ಲಿಫ್ಟಿನ ಗುಂಡಿ ಇವನ್ನೆಲ್ಲ ಯಾರ ಅಳತೆಗೆ ಮಾಡಿದ್ದಾರೆ ಎಂದು ಬರೆದಿದ್ದಳು. ಒಂದು ಪುಟವನ್ನು ವೇದಿಕೆಯ ಮೇಲೆ ಓದಬೇಕೆಂದು ನಿಮ್ಮವರೇ ಹೇಳಿದ್ದರು. ಮನೆಯಲ್ಲಿ ಸ್ಟೂಲಿನ ಮೇಲೆ ನಿಂತು ಅಮ್ಮನ ಮುಂದೆ ಓದಿ ಓದಿ ಸಿದ್ಧಳಾಗಿದ್ದಳು. ಅಂಗವಿಕಲರಿಗಾಗಿ ಕಟ್ಟಿದ ಆ ವೇದಿಕೆಗೆ ಇಳಿಜಾರು ಹಾದಿ ಇರಲಿಲ್ಲ, ಮೆಟ್ಟಿಲುಗಳಿದ್ದವು. ಬೆನ್ನ ಹಿಂದೆ ಬಣ್ಣದ ಬಟ್ಟೆ, ಬಲೂನು, ನಿಮ್ಮ ದೊಡ್ಡ ಭಾವಚಿತ್ರ, ಯಾವುದಕ್ಕೂ ಕೊರತೆ ಇರಲಿಲ್ಲ. ಅವಳು ಕಂಬಿ ಹಿಡಿದು ಪಕ್ಕಪಕ್ಕಕ್ಕೆ ಹೆಜ್ಜೆಯಿಟ್ಟು ತಾನೇ ಹತ್ತಿದಳು. ನಿರೂಪಕಿ ಮೂರು ಸಲ ಗಡಿಯಾರ ನೋಡಿಕೊಂಡಳು. ಮೈಕು ಅವಳ ತಲೆಯಿಂದ ಬಹಳ ಮೇಲಿತ್ತು. ಅದನ್ನು ತಗ್ಗಿಸಲು ಒಂದು ತಿರುಪು ಸಡಿಲಿಸಿದ್ದರೆ ಸಾಕಿತ್ತು. ಮೈಕನ್ನು ಕೆಳಗಿಳಿಸುವುದು ನಿಮಗೆ ಹೊಳೆಯಲಿಲ್ಲ, ಮಗುವನ್ನು ಮೇಲೆತ್ತುವುದು ಹೊಳೆಯಿತು.

ಒಂದು ವಿಷಯದಲ್ಲಿ ನಿಮಗೆ ಅನ್ಯಾಯ ಮಾಡಲಾರೆ. ನೀವು ಕೇಳಿದಿರಿ. ‘ಎತ್ಕೊಳ್ಳಲಾ ಪುಟ್ಟಾ?’ ಎಂದು ಮೈಕಿನಲ್ಲೇ ಕೇಳಿದಿರಿ. ಸಭೆ ನಕ್ಕಿತು. ನನ್ನ ಮಗಳು ನಿಮ್ಮ ಮುಖವನ್ನೇ ನೋಡುತ್ತ ತುಟಿ ಬಿಗಿದು ನಿಂತಳು. ಅದು ಅವಳ ಉತ್ತರ. ಚಿಕ್ಕಂದಿನಿಂದ ಅವಳನ್ನು ಕಾಪಾಡಿದ್ದ ಉತ್ತರ. ಅವಳಿಗೆ ಗೊತ್ತಿದ್ದ ಜಗತ್ತಿನಲ್ಲಿ ಅಷ್ಟಾದ ಮೇಲೆ ಯಾರ ಕೈಯೂ ಮುಂದೆ ಬರುವುದಿಲ್ಲ. ನಿಮ್ಮ ಜಗತ್ತಿನಲ್ಲಿ ಮೌನಂ ಸಮ್ಮತಿ ಲಕ್ಷಣಂ. ನೀವು ಎತ್ತಿದಿರಿ. ಅವಳ ತಲೆ ಒಮ್ಮೆ ಹಿಂದಕ್ಕೆ ವಾಲಿ ಮುಂದಕ್ಕೆ ಬಂತು. ನಾನು ಮೆಟ್ಟಿಲು ದಾಟಿ ಓಡಿಬಂದು, ತಡೀರಿ, ಇಳಿಸಿ ಎಂದು ಕೂಗಿದೆ. ಚಪ್ಪಾಳೆಯಲ್ಲಿ ಅದು ನನಗೇ ಕೇಳಿಸಲಿಲ್ಲ. ಅವಳ ಕೈಯಲ್ಲಿದ್ದ ಹಾಳೆ ಕೆಳಗೆ ಬಿತ್ತು. ಅದನ್ನು ಓದುವುದು ಬೇಡವೆಂದು ನಿರೂಪಕಿ ತೀರ್ಮಾನಿಸಿ ಮುಂದಿನ ಹೆಸರು ಕರೆದಳು. ಬಹುಮಾನದ ಪೊಟ್ಟಣವನ್ನು ಮನೆಯಲ್ಲಿ ಬಿಚ್ಚಿದಾಗ ಅದರಲ್ಲಿ ಒತ್ತಿದರೆ ಕೀಚುಗುಟ್ಟುವ ರಬ್ಬರ್ ಬಾತುಕೋಳಿ ಇತ್ತು.

ಮರುದಿನ ಅವಳ ಕೈಯಿಂದ ಪೆನ್ನು ಜಾರಿತು. ಮೊದಲು ನಾವು ಆಯಾಸ ಎಂದುಕೊಂಡೆವು. ಆಮೇಲೆ ಲೋಟ ಜಾರಿತು. ಬಿಸಿ ಯಾವುದು, ತಣ್ಣಗಿರುವುದು ಯಾವುದು ಎಂದು ಬೆರಳಿಗೆ ತಿಳಿಯುತ್ತಿಲ್ಲ ಎಂದು ಅವಳೇ ಹೇಳಿದಳು. ಮೂಳೆ ತಜ್ಞೆ ಹೊಸ ಸ್ಕ್ಯಾನ್ ನೋಡಿ, ಯಾರು ಎತ್ತಿದರು ಎಂದು ಕೇಳಿದರು. ನಿಮ್ಮ ಹುದ್ದೆಯನ್ನು ಹೇಳಿದೆ. ಅವರು ಸ್ಕ್ಯಾನನ್ನು ನಮ್ಮ ಕಡೆ ತಿರುಗಿಸಿದರು. ಊತ ಇಳಿದರೆ ಸ್ಪರ್ಶ ಮರಳಬಹುದು, ಮರಳದಿದ್ದರೆ ಕತ್ತಿನ ಮೂಳೆಗಳನ್ನು ತಿರುಪು ಹಾಕಿ ಬೆಸೆಯಬೇಕು, ಬೆಸೆದರೆ ತಲೆ ತಿರುಗಿಸಿ ನೋಡುವುದು ಕಷ್ಟ, ಅಲ್ಲಿಯವರೆಗೆ ಇನ್ನೊಂದು ಜಗ್ಗಾಟವೂ ಆಗಕೂಡದು ಎಂದರು. ನಾವು ಕಾಯುತ್ತಿದ್ದೇವೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುವ ಗಾದೆಯನ್ನು ಶಾಲೆಯಲ್ಲಿ ವಿಸ್ತರಿಸಿ ಬರೆದು ಅಂಕ ತೆಗೆದಿದ್ದೆ, ಆಗ ಅದರ ಅರ್ಥ ನನಗೆ ತಿಳಿದಿರಲಿಲ್ಲ.

ನಿಮ್ಮ ಕಚೇರಿಗೆ ಹೋದೆ. ನಿಮ್ಮ ಆಪ್ತ ಸಹಾಯಕರು ಕೂರಿಸಿ, ನೀರು ಕೊಟ್ಟು, ಸಮಾರಂಭದ ವಿಡಿಯೋವನ್ನೇ ತೋರಿಸಿದರು. ಮರ್ಯಾದಸ್ಥರು, ದನಿ ಏರಿಸಲಿಲ್ಲ.

‘ನೋಡಿ, ಸಾಹೇಬ್ರು ಕೇಳಿದ್ದಾರೆ. ನಿಮ್ಮ ಮಗಳು ಬೇಡ ಅನ್ನಲಿಲ್ಲ. ಬಾಯಿ ಇರೋ ಮಗು ತಾನೇ?’

‘ಹೂಂ ಅಂದಳಾ ಸರ್?’ ಎಂದೆ.

ಅವರು ವಿಡಿಯೋವನ್ನು ಹಿಂದಕ್ಕೆ ಓಡಿಸಿ ಮತ್ತೆ ನೋಡಿದರು. ಹೂಂ ಎಂದದ್ದು ಅದರಲ್ಲಿ ಇರಲಿಲ್ಲ. ‘ಅಷ್ಟು ದೊಡ್ಡವರು ಎತ್ಕೊಂಡಿದಾರೆ, ಎಷ್ಟು ಜನಕ್ಕೆ ಸಿಗುತ್ತೆ ಆ ಭಾಗ್ಯ, ನೀವು ಖುಷಿಪಡ್ಬೇಕು’ ಎಂದು ಮಾತು ಮುಗಿಸಿದರು. ಭಾಗ್ಯವೇ ಆಗಿದ್ದರೆ ಅದು ತಮಗೂ ಸಿಗಲಿ ಎಂದು ಹಾರೈಸುತ್ತೇನೆ, ನಿರ್ದೇಶಕರೇ. ಮುಂದಿನ ಸಭೆಯಲ್ಲಿ ನೀವು ಭಾಷಣಕ್ಕೆ ನಿಂತಾಗ, ನಿಮಗಿಂತ ಎರಡು ಪಟ್ಟು ಎತ್ತರದವನೊಬ್ಬ ಬಂದು, ಎತ್ಕೊಳ್ಳಲಾ ಕಂದಾ ಎಂದು ಕೇಳಿ, ನೀವು ತಬ್ಬಿಬ್ಬಾಗಿ ಬಾಯಿ ತೆರೆಯುವುದರೊಳಗೆ ಸೊಂಟಕ್ಕೇರಿಸಿಕೊಂಡು ಗಲ್ಲ ಹಿಂಡಿದರೆ, ಅದನ್ನು ನೀವು ಪ್ರೀತಿ ಎನ್ನುವಿರಾ? ನಿಮ್ಮ ಹೆಂಡತಿ ಮಕ್ಕಳು ಸಭೆಯಲ್ಲಿ ಕೂತು ಚಪ್ಪಾಳೆ ತಟ್ಟುವರೇ?

ಇಷ್ಟಕ್ಕೇ ಮುಗಿದಿದ್ದರೆ ನಮ್ಮ ದುಃಖವನ್ನು ನಾವೇ ನುಂಗಿಕೊಳ್ಳುತ್ತಿದ್ದೆವೇನೋ. ಆದರೆ ಗಾಯದ ಮೇಲೆ ಬರೆ ಎಳೆದಂತೆ ಪೋಸ್ಟರ್ ಬಂತು. ‘ಎಟುಕದವರನ್ನು ಎತ್ತಿಕೊಳ್ಳೋಣ’ ಎಂದು ಅದರ ಮೇಲೆ ದಪ್ಪ ಅಕ್ಷರದಲ್ಲಿದೆ. ಸರ್ಕಾರದ ಮಾತನ್ನು ಜನ ಎಂದೂ ಕೇಳುವುದಿಲ್ಲ ಎಂದು ನೀವು ಗೊಣಗುತ್ತೀರಂತೆ, ಇದೊಂದನ್ನು ಕೇಳುತ್ತಿದ್ದಾರೆ. ಔಷಧಿ ಅಂಗಡಿಯಲ್ಲಿ ಒಬ್ಬ ಗೃಹಸ್ಥ, ಪೋಸ್ಟರಿನ ಹುಡುಗಿ ಎಂದು ಗುರುತು ಹಿಡಿದು, ಕತ್ತಿನ ಪಟ್ಟಿ ಕಣ್ಣೆದುರೇ ಇದ್ದರೂ ಎತ್ತಲು ಬಗ್ಗಿದ. ನನ್ನ ಹೆಂಡತಿ ಬೇಕರಿಯಲ್ಲಿ ಮಾರಾಟದ ಕೆಲಸ ಮಾಡುವವಳು, ಗಿರಾಕಿಗಳ ಜೊತೆ ನಗುತ್ತಲೇ ಮಾತಾಡಿ ಅಭ್ಯಾಸವಾದವಳು. ಆ ದಿನ ಅವಳು ಆತನ ಕೈಗೆ ಹೊಡೆದಳು. ಅಂಗಡಿಯವರೆಲ್ಲ ಅವಳನ್ನೇ ಬೈದರು. ಇನ್ನು ಮುಂದಿನ ಸಮಾರಂಭಗಳಲ್ಲಿ ಮಕ್ಕಳನ್ನು ವೇದಿಕೆಗೆ ಎತ್ತಿ ತರಲು ಸ್ವಯಂಸೇವಕರನ್ನು ನೇಮಿಸುತ್ತೀರಿ ಎಂಬ ಪ್ರಕಟಣೆಯನ್ನೂ ಓದಿದೆ. ಆ ಮಕ್ಕಳಲ್ಲಿ ಯಾರ ಕತ್ತು ಸಡಿಲ, ಯಾರ ಸೊಂಟ ಸಡಿಲ ಎಂದು ಆ ಸ್ವಯಂಸೇವಕರಿಗೆ ಯಾರು ಹೇಳುತ್ತಾರೆ? ಒಂದು ಹಲಗೆಯ ಇಳಿಜಾರು ಹಾಕಿಸುವುದಕ್ಕಿಂತ ಹತ್ತು ತೋಳುಗಳನ್ನು ಹುಡುಕುವುದು ಸುಲಭವೇ?

ನನ್ನ ಮಗಳು ಈಗ ಶಾಲೆಗೆ ಹೋಗುತ್ತಿಲ್ಲ. ಮೈಗೆ ಆಗದು ಎಂದಲ್ಲ. ಪಟ್ಟಿ ಹಾಕಿಕೊಂಡು ಹೋಗಬಹುದು ಎಂದು ತಜ್ಞೆ ಹೇಳಿದ್ದಾರೆ. ಬಸ್ ನಿಲ್ದಾಣವನ್ನು ದಾಟಬೇಕಲ್ಲ, ಅದಕ್ಕೆ. ಮನೆಯಲ್ಲೂ ಮೊದಲಿನಂತಿಲ್ಲ. ಸುಮ್ಮನಿದ್ದರೆ ಸಾಕು ಎಂಬ ನಂಬಿಕೆ ಅವಳಿಗೆ ಹೋಗಿದೆ. ಅಮ್ಮ ತಲೆ ಬಾಚಲು ಹತ್ತಿರ ಬಂದರೂ ‘ಬೇಡ’ ಎನ್ನುತ್ತಾಳೆ, ತಂಗಿ ಪಕ್ಕದಲ್ಲಿ ಕೂತರೂ ‘ಬೇಡ’ ಎನ್ನುತ್ತಾಳೆ. ಯಾರೂ ಏನೂ ಕೇಳದಿದ್ದರೂ ಹೇಳುತ್ತಾಳೆ. ನಾವು ಇಷ್ಟು ವರ್ಷ ಕಷ್ಟಪಟ್ಟು ಕಟ್ಟಿದ್ದನ್ನು ನೀವು ಒಂದು ಫೋಟೋ ತೆಗೆಯುವಷ್ಟರಲ್ಲಿ ಕೆಡವಿದಿರಿ. ಇದಕ್ಕಾಗಿ ನಿಮ್ಮ ಮೇಲೆ ನನಗಿರುವ ಸಿಟ್ಟು ಕಡಿಮೆಯಾಗುವ ಲಕ್ಷಣವಿಲ್ಲ.

ಈ ಪತ್ರ ಬರೆಯಲು ಕೂತಾಗ ಅವಳು ಸ್ಟೂಲನ್ನು ತಳ್ಳಿಕೊಂಡು ಬಂದು ಪಕ್ಕದಲ್ಲಿ ನಿಂತು ಓದಿದಳು. ಮೇಸ್ತ್ರಿಯಲ್ಲವೇ, ನನ್ನ ಕಾಗುಣಿತ ತಿದ್ದಿದಳು. ನೀವು ಕ್ಷಮೆ ಕೇಳಬೇಕು, ಹುದ್ದೆ ಬಿಡಬೇಕು, ನ್ಯಾಯಾಲಯಕ್ಕೆ ಬರಬೇಕು ಎಂದು ನಾನು ಬರೆದಿದ್ದ ಸಾಲುಗಳನ್ನೆಲ್ಲ ಎಡಗೈಯಿಂದ ಅಡ್ಡಾದಿಡ್ಡಿ ಗೀಚಿ ಹೊಡೆದುಹಾಕಿದಳು. ಮತ್ತೆ ಏನು ಕೇಳಲಿ ಎಂದೆ.

‘ಅವರು ಇನ್ನೂ ನನ್ನ ಎತ್ಕೊಂಡೇ ಇದಾರಲ್ಲಪ್ಪ, ಎಲ್ಲಾ ಬಸ್ ಸ್ಟಾಪಲ್ಲೂ. ಇಳಿಸೋಕೆ ಹೇಳು.’

ಆದ್ದರಿಂದ ನಿರ್ದೇಶಕರೇ, ಆ ಸ್ವಯಂಸೇವಕರನ್ನು ಮನೆಗೆ ಕಳಿಸಿ, ವೇದಿಕೆಗೆ ಇಳಿಜಾರು ಹಾಕಿಸಿ ಎಂಬುದು ನನ್ನ ಬೇಡಿಕೆ. ಅವಳದು ಒಂದೇ. ಎಲ್ಲ ನಿಲ್ದಾಣಗಳಿಂದಲೂ, ಎಲ್ಲ ಗೋಡೆಗಳಿಂದಲೂ ನನ್ನ ಮಗಳನ್ನು ಕೆಳಗಿಳಿಸಿ. ಇದಕ್ಕೆ ನೀವು ಅವಳನ್ನು ಕೇಳಬೇಕಾಗಿಲ್ಲ. ಈ ಸಲ ಅವಳು ಬಾಯಿಬಿಟ್ಟು ಹೇಳಿದ್ದಾಳೆ.

ಇಂತಿ,
ಆ ಚಿತ್ರದಲ್ಲಿ ನಿಮ್ಮ ಬೆನ್ನ ಹಿಂದೆ ಬಾಯಿ ತೆರೆದು ನಿಂತಿರುವ,
ಆನಂದದಿಂದ ನಗುತ್ತಿದ್ದಾನೆ ಎಂದು ಊರೆಲ್ಲ ತಿಳಿದಿರುವ,
ಅವಳ ಅಪ್ಪ