ಕಣ್ಣು ಬಿಟ್ಟರೆ ತಟ್ಟೆ ಇಲ್ಲ

ಅರಸೀಕೆರೆ
೧೪-೯-೨೦೦೩, ಭಾನುವಾರ

ಚಿ. ಸೌ. ಗುರುಸಿದ್ದಮ್ಮನಿಗೆ ಕೆಂಚಪ್ಪನ ಆಶೀರ್ವಾದಗಳು.

ನಿನ್ನ ಕಾಲುನೋವು ಹೇಗಿದೆ? ಮೆಲ್ಬರ್ನಿನ ಚಳಿಗೆ ಕಾಲುಚೀಲ ಹಾಕಿಕೊಳ್ಳುತ್ತಿದ್ದೀಯಾ, ಇಲ್ಲ ನಾಚಿಕೆ ಅಂತ ಕಳಚಿಟ್ಟಿದ್ದೀಯಾ? ಶಿಲ್ಪ ಹೊಟ್ಟೆತುಂಬ ಉಣ್ಣುತ್ತಿದ್ದಾಳಾ? ಮಗುವಿನ ನೆತ್ತಿಗೆ ಎಣ್ಣೆ ಇಡಬೇಡಿ ಅಂತ ಅಲ್ಲಿನ ನರ್ಸು ಏನೇ ಹೇಳಲಿ, ನೀನು ಬಿಡಬೇಡ. ನಾನು ಗುರುವಾರ ಊರು ಸೇರಿದೆ. ಸೇರಿದೆ ಅನ್ನುವುದಕ್ಕಿಂತ ಬದುಕಿ ಬಂದೆ ಅನ್ನಬೇಕು. ಫೋನಿನಲ್ಲಿ ಹೇಳೋಣವೆಂದರೆ ನಾನು ಬಾಯಿ ತೆರೆದ ಕೂಡಲೇ ನಿನ್ನ ಮಗಳು ನಗುತ್ತಾಳೆ, ಅದಕ್ಕೇ ಈ ಕಾಗದ. ಬಾಣಂತನ ಮುಗಿಸಿ ನೀನೂ ಇದೇ ದರಿದ್ರ ವಿಮಾನದಲ್ಲಿ ಒಬ್ಬಳೇ ಬರಬೇಕಲ್ಲ, ಆ ಯೋಚನೆಗೆ ನನಗೆ ನಿದ್ದೆ ಹತ್ತುತ್ತಿಲ್ಲ.

ಹೋಗುವಾಗ ಅಳಿಯಂದಿರು ಶರತ್ಚಂದ್ರ ನಮ್ಮನ್ನು ಕರೆದೊಯ್ಯಲು ಬಂದಿದ್ದರು, ಅದೂ ಒಳ್ಳೆಯ ಹೆಸರಿದ್ದ ವಿಮಾನ. ಕೊಬ್ಬರಿ ಮಂಡಿಯ ಬಾಗಿಲು ಎಷ್ಟು ದಿನ ಹಾಕಿಡುವುದೆಂದು ನಾನೊಬ್ಬನೇ ವಾಪಸು ಹೊರಟಾಗ, ನಡುವೆ ಇಳಿದು ವಿಮಾನ ಬದಲಿಸುವುದು ಕಷ್ಟ ಮಾವ ಎಂದರು. ನಾನು ಕೊಟ್ಟ ಉತ್ತರ ನೆನಪಿದೆಯಲ್ಲ? ‘ಅರಸೀಕೆರೆ ಜಂಕ್ಷನ್‌ನಲ್ಲಿ ಹುಟ್ಟಿದೋನು ಕಣ್ರೀ ನಾನು. ಗಾಡಿ ಬದಲಾಯ್ಸೋದು ನನಗೇ ಹೇಳ್ಕೊಡ್ತೀರಾ?’ ಆ ಜಂಬಕ್ಕೆ ತಕ್ಕ ಶಾಸ್ತಿ ಆಯಿತು.

ಆ ಕಂಪನಿಯ ಹೆಸರೇ ನನ್ನ ನಾಲಿಗೆಯಲ್ಲಿ ಹೊರಳುವುದಿಲ್ಲ. ನನಗೆ ಸಿಕ್ಕಿದ್ದು ಇಬ್ಬರು ದಾಂಡಿಗರ ನಡುವಿನ ಸೀಟು. ಮುಂದಿನವನು ಏರಿದವನೇ ಬೆನ್ನು ಹಿಂದಕ್ಕೆ ಚಾಚಿದ, ಅವನ ಬೋಳುತಲೆ ನನ್ನ ಮಡಿಲಿಗೇ ಬಂತು. ಬಾಣಾವರದ ಬಸ್ಸಾಗಿದ್ದರೆ ‘ಏನ್ಲಾ, ನೆಟ್ಟಗೆ ಕೂತ್ಕಳ್ಲಾ’ ಎನ್ನಬಹುದಿತ್ತು. ಅಲ್ಲಿ ಯಾವ ಭಾಷೆಯಲ್ಲಿ ಬೈಯುವುದು? ಸಸ್ಯಾಹಾರವೆಂದು ಶರತ್ ಮೊದಲೇ ಬರೆಸಿದ್ದರು, ಅವರಿಗೆ ಪುಣ್ಯ ಬರಲಿ. ಹುಡುಗಿ ಊಟ ತಂದಿಟ್ಟಳು. ಲಿಂಗಪೂಜೆ ಆಗದೆ ತುತ್ತು ಎತ್ತುವವನೇ ನಾನು? ಲೋಟದ ನೀರು ಹತ್ತಿರ ಇಟ್ಟುಕೊಂಡು, ವಿಭೂತಿ ಧರಿಸಿ, ಕರಡಿಗೆಯಿಂದ ಲಿಂಗ ತೆಗೆದು ಅಂಗೈಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿದೆ. ಕಣ್ಣು ಬಿಟ್ಟರೆ ತಟ್ಟೆ ಇಲ್ಲ! ನಿದ್ದೆ ಹೋದನೆಂದು ಎತ್ತಿಕೊಂಡು ಹೋಗಿದ್ದಾಳೆ. ಕೈಸನ್ನೆ ಮಾಡಿ ಕೇಳಿದರೆ ದಿಂಬು ತಂದುಕೊಟ್ಟಳು. ಎರಡನೆಯ ಊಟಕ್ಕೆ ಒಂದು ಕಣ್ಣು ತಟ್ಟೆಯ ಮೇಲಿಟ್ಟೇ ಪೂಜೆ ಮಾಡಿದೆ, ಶಿವ ಕ್ಷಮಿಸಲಿ. ನೀನೋ, ಲಿಂಗ ಅಂಗೈಗೆ ಬಂದರೆ ನಿನಗೆ ಪ್ರಪಂಚವೇ ಬೇಡ. ತಟ್ಟೆ ಹೋದರೆ ಬಾಯಿಬಿಟ್ಟು ಕೇಳುವವಳೂ ಅಲ್ಲ. ಹಸಿದುಕೊಂಡೇ ಅಷ್ಟು ದೂರ ಬರುತ್ತೀಯ, ನಿನ್ನ ಸ್ವಭಾವ ನನಗೆ ಗೊತ್ತಿಲ್ಲವೇ.

ನಡುವೆ ಇಳಿದ ಊರಿನ ತಪಾಸಣೆಯಲ್ಲಿ ಬೆಳ್ಳಿ ಕರಡಿಗೆಗೆ ಆ ಯಂತ್ರ ಕುಂಯ್ ಎಂದಿತು. ಬಿಚ್ಚಿ ಬುಟ್ಟಿಗೆ ಹಾಕು ಅಂತ ಸನ್ನೆ. ಎಂಥ ಬುಟ್ಟಿ? ಆಗತಾನೇ ಯಾರದೋ ಬೂಟು ಇಳಿಸಿದ ಬುಟ್ಟಿ! ‘ಪ್ರಾಣ ಹೋದ್ರೂ ಹಾಕಾಕಿಲ್ಲ’ ಎಂದು ಕೂಗಿದೆ. ಪಕ್ಕಕ್ಕೆ ನಿಲ್ಲಿಸಿ, ಮುಚ್ಚಳ ತೆಗೆಸಿ, ಒಬ್ಬರಾದ ಮೇಲೆ ಒಬ್ಬರು ಬಗ್ಗಿ ನೋಡಿ ಬಿಟ್ಟರು. ಅಷ್ಟು ಹೊತ್ತಿಗೆ ನನ್ನ ವಿಮಾನ ಹೊರಡುವ ಗೇಟೇ ಬದಲಾಗಿತ್ತು. ಕಂಪನಿಯವರನ್ನು ಕೇಳೋಣವೆಂದರೆ ಮೇಜಿದೆ, ಮನುಷ್ಯನಿಲ್ಲ. ಚೀಲ ಹಿಡಿದು ಓಡಿದೆ. ಓಡುತ್ತ, ಅಭ್ಯಾಸ ನೋಡು, ಹಿಂದೆ ತಿರುಗಿ ‘ಬೇಗ ಬಾರೇ’ ಅಂದೆ. ಹಿಂದೆ ಯಾವನೋ ಗಡ್ಡದವನು ಬರುತ್ತಿದ್ದ. ನಿನ್ನನ್ನು ಹಿಂದಿಟ್ಟುಕೊಂಡೇ ಮೂವತ್ತು ವರ್ಷ ನಡೆದವನು ಕಣೇ ನಾನು. ಹಿಂದೆ ನೀನಿಲ್ಲ ಅಂದಾಗ ಕಾಲೇ ಮುಂದೆ ಬರಲಿಲ್ಲ, ಅಳು ಬಂತು. ಕೊನೆಗೆ ಬೆಂಗಳೂರಿಗೆ ಹೊರಟಿದ್ದ ಸಂಸಾರವೊಂದು ಕಂಡಿತು, ಅವರ ಬೆನ್ನು ಬಿಡಲಿಲ್ಲ. ಹರಕುಮುರುಕು ಇಂಗ್ಲಿಷ್ ಬರುವ ನನ್ನ ಪಾಡೇ ಇದಾದರೆ, ಒಂದಕ್ಷರ ಬಾರದ ನಿನ್ನ ಗತಿ ಏನು?

ಆದ್ದರಿಂದ ಶರತ್‌ಗೆ ಹೇಳು, ಊರಿಗೆ ಹೊರಟವರು ಯಾರಾದರೂ ನಿನ್ನ ಜೊತೆಗೆ ಸಿಗುತ್ತಾರಾ ವಿಚಾರಿಸಲಿ. ಸಿಗುವವರೆಗೆ ನೀನು ಅಲ್ಲೇ ಇರು. ನನ್ನನ್ನು ಮಾತ್ರ ಯಾರೂ ಕೇಳಬೇಡಿ. ಇನ್ನು ಈ ಜನ್ಮದಲ್ಲಿ ವಿಮಾನ ಹತ್ತಿದರೆ ನನ್ನ ಹೆಸರು ಕೆಂಚಪ್ಪನೇ ಅಲ್ಲ. ಅಕ್ಕ ಕಾಂತಮ್ಮ ಬಂದು ಅಡುಗೆ ಮಾಡಿಕೊಡುತ್ತಿದ್ದಾಳೆ. ಸಾರು ಪರವಾಗಿಲ್ಲ.

ಶಿಲ್ಪಳಿಗೂ ಅಳಿಯಂದಿರಿಗೂ ಆಶೀರ್ವಾದ, ಮಗುವಿಗೆ ಮುತ್ತು. ಜೇನುಕಲ್ ಸಿದ್ದೇಶ್ವರ ನಿಮ್ಮನ್ನೆಲ್ಲ ಚೆನ್ನಾಗಿಟ್ಟಿರಲಿ.

ನಿನ್ನ
ಕೆಂಚಪ್ಪ

ಇನ್ನೊಂದು ಮಾತು: ಇವತ್ತು ಸೋಮವಾರ. ಇದನ್ನು ಅಂಚೆಗೆ ಹಾಕಲು ಹೊರಟವನು ಹಾಸನದ ಬಸ್ಸು ಹತ್ತಿ, ವಿಮಾನದ ಟಿಕೆಟ್ ಮಾಡಿಕೊಡುವವನ ಹತ್ತಿರ ಹೋಗಿಬಂದೆ. ಜೊತೆ ಯಾರನ್ನೂ ಹುಡುಕಬೇಡಿ. ನೀನು ಹೊರಡುವ ಒಂದು ವಾರ ಮುಂಚೆ ನಾನೇ ಅಲ್ಲಿಗೆ ಬರುತ್ತೇನೆ, ಬರುವಾಗ ನಿನ್ನ ಪಕ್ಕದ ಸೀಟೇ ಬೇಕೆಂದು ಹೇಳಿದ್ದೇನೆ. ಇನ್ನು ಮೇಲೆ ಯಾವ ಹೆಸರಿನಿಂದ ಬೇಕಾದರೂ ಕರೆ. ವಿಮಾನದಲ್ಲಿ ನೀನು ಅವಸರ ಮಾಡಬೇಡ, ಎರಡೂ ಕಣ್ಣು ಮುಚ್ಚಿಕೊಂಡು ನಿಧಾನವಾಗಿ ಪೂಜೆ ಮಾಡಿಕೊ. ನಿನ್ನ ತಟ್ಟೆ ನಾನು ಹಿಡಿದುಕೊಂಡಿರುತ್ತೇನೆ.